ವಚನಗಾಯನವೂ ಯಂತ್ರದ ಆವರ್ತನೆಯೂ

ಬೆಳಗಾವಿ ನಗರದ ದಕ್ಷಿಣಕ್ಕಿರುವ ವಡಗಾವಿ ನೇಕಾರರ ನೆಲೆ. ಶಹಾಪುರ, ಖಾಸಬಾಗ, ವಡಗಾವಿಯ ಓಣಿಗಳಲ್ಲಿ ಮಗ್ಗದ ಸಪ್ಪಳವು ಬದುಕಿನ ಶ್ರುತಿಯೇ ಆಗಿದೆ. ಶ್ರಾವಣಮಾಸ ಬಂತೆಂದರೆ ಈ ಭಾಗದ ಮಠ-ಮಂದಿರಗಳಲ್ಲಿ ಪುರಾಣ-ಪ್ರವಚನಗಳು ಏರ್ಪಡುವುದೂ, ಪ್ರವಚನಕ್ಕೆ ಮೊದಲು ಒಂದೆರಡು ವಚನಗಳನ್ನು ಹಾಡಿಸುವುದೂ ರೂಢಿ. ಹಿಂದೆ ಆ ಹಾಡಿಕೆಗೆ ಬಾಜಾಪೇಟಿಯವನೊಬ್ಬ, ತಬಲಾದವನೊಬ್ಬ, ತಾಳ ಹಿಡಿಯುವವರಿಬ್ಬರು ಇರಲೇಬೇಕಾಗಿತ್ತು. ಇಂದು ಉತ್ತರ ಕರ್ನಾಟಕದ ಅನೇಕ ವೇದಿಕೆಗಳಲ್ಲಿ ಗಾಯಕನೊಬ್ಬನೇ ನಿಂತಿರುತ್ತಾನೆ. ಅವನ ಮೊಬೈಲ್ ಫೋನಿನಿಂದ ಧ್ವನಿವರ್ಧಕಕ್ಕೆ ಒಂದು ತಂತಿ ಹೋಗಿರುತ್ತದೆ. ತಬಲಾ, ಕೊಳಲು, ಸಿತಾರ, ತಂಬೂರಿಗಳೆಲ್ಲ ಆ ತಂತಿಯ ಮೂಲಕವೇ ಬರುತ್ತವೆ.

ಇದಕ್ಕೆ ಆಧಾರವಾದ ಉಪಾಯವನ್ನು ಧ್ವನಿಮುದ್ರಣದವರು ಲೂಪ್ ಎನ್ನುತ್ತಾರೆ. ತಾಳದ ಒಂದು ಅಥವಾ ನಾಲ್ಕು ಆವರ್ತನೆಗಳನ್ನು ಒಮ್ಮೆ ಮುದ್ರಿಸಿ, ಆ ತುಣುಕಿನ ತುದಿಯನ್ನು ಅದರ ಮೊದಲಿಗೇ ಕೂಡಿಸಿ, ಬೇಕಾದಷ್ಟು ಹೊತ್ತು ತಿರುಗಿಸುವುದೇ ಲೂಪು. ಹಗ್ಗದ ಕುಣಿಕೆಯಂತೆ ಅದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಇಂಥ ತುಣುಕುಗಳು ಸಿದ್ಧವಸ್ತುವಾಗಿ ಸಿಗುತ್ತವೆ. ಗಣಕಯಂತ್ರದಲ್ಲಿ ಅವನ್ನು ಜೋಡಿಸಿ, ಮೇಲೆ ಗಾಯಕನ ದನಿಯನ್ನು ಹೊದಿಸಿದರೆ ಒಂದು ವಚನದ ಧ್ವನಿಮುದ್ರಿಕೆ ಮುಗಿಯಿತು. ಇಂದು ಹೊರಬರುತ್ತಿರುವ ವಚನಮುದ್ರಿಕೆಗಳಲ್ಲಿ ಈ ಬಗೆಯವು ಬಹಳ. ಇವನ್ನು ಕೇಳಿದ ಹಿರಿಯರು ‘ಜೀವವಿಲ್ಲ’ ಎಂದು ತಲೆಯಾಡಿಸುತ್ತಾರೆ; ತಯಾರಿಸಿದವರು ‘ಕಾಲಕ್ಕೆ ತಕ್ಕ ಹಾಗೆ’ ಎಂದು ಸಮಾಧಾನ ಹೇಳುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದೂ ವಿಮರ್ಶೆಯಲ್ಲ. ಜೀವವೆಂದರೆ ಏನು, ಅದು ಎಲ್ಲಿ ಹೋಯಿತು ಎಂಬುದನ್ನು ವಚನದ ರಚನೆಯೊಳಗೆ ಇಳಿದು ನೋಡದ ಹೊರತು ತೀರ್ಮಾನ ಸಾಧ್ಯವಿಲ್ಲ.

ವಚನವು ಗದ್ಯವೂ ಅಲ್ಲ, ಪದ್ಯವೂ ಅಲ್ಲ ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಫ. ಗು. ಹಳಕಟ್ಟಿಯವರ ಶ್ರಮದಿಂದ ಈ ಸಾಹಿತ್ಯ ನಾಡಿನ ಕೈಗೆ ಬಂದ ಮೇಲೆ ಅದರ ಛಂದಸ್ಸಿನ ಚರ್ಚೆ ನಿಂತೇ ಇಲ್ಲ. ಚರ್ಚೆಯಲ್ಲಿ ಏನೇ ಭಿನ್ನಾಭಿಪ್ರಾಯವಿರಲಿ, ಒಂದು ಸಂಗತಿ ನಿರ್ವಿವಾದ. ವಚನದ ಸಾಲುಗಳು ಸಮಪ್ರಮಾಣದವಲ್ಲ. ಒಂದು ಸಾಲು ಮೂರು ಪದಗಳಲ್ಲಿ ಮುಗಿದರೆ ಅದರ ಮುಂದಿನದು ಹದಿಮೂರು ಪದಗಳವರೆಗೆ ಹರಿಯಬಹುದು. ಸಾಲು ನಿಲ್ಲುವುದು ಅರ್ಥ ನಿಂತಲ್ಲಿ. ಷಟ್ಪದಿಯ ಕವಿಗೆ ಗಣಗಳು ದಾರಿ ತೋರಿಸುತ್ತವೆ. ಶರಣನಿಗೆ ಅನುಭಾವವೇ ದಾರಿ. ಒಂದು ‘ಆದಡೆ’ ಎಂಬ ಶರತ್ತು ಎಷ್ಟು ದೂರ ಚಾಚುತ್ತದೆ, ಎಲ್ಲಿ ತಟ್ಟನೆ ತಿರುಗಿ ‘ಎಂತಪ್ಪುದಯ್ಯಾ’ ಎಂಬಂಥ ಪ್ರಶ್ನೆಯಾಗುತ್ತದೆ, ಕೊನೆಯ ಅಂಕಿತವು ಸಂಬೋಧನೆಯೋ ಸಾಕ್ಷಿಯೋ ಶರಣಾಗತಿಯೋ ಎಂಬುದರ ಮೇಲೆಯೇ ವಚನದ ಸ್ವಾರಸ್ಯವೆಲ್ಲ ನಿಂತಿದೆ.

ಬಸವಣ್ಣನವರ ಪ್ರಸಿದ್ಧ ವಚನಗಳೆರಡನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಒಂದರಲ್ಲಿ ಅವರು ಸಂಗೀತ-ಛಂದಸ್ಸುಗಳ ಎಣಿಕೆ ತಮಗೆ ತಿಳಿಯದೆಂದು ಒಪ್ಪಿಕೊಂಡು, ಮನಸ್ಸಿನ ಪ್ರೀತಿಯೇ ತಮ್ಮ ಹಾಡಿನ ಅಳತೆಯೆಂದು ಕೂಡಲಸಂಗಮದೇವನಲ್ಲಿ ನಿವೇದಿಸಿಕೊಳ್ಳುತ್ತಾರೆ. ಇನ್ನೊಂದರಲ್ಲಿ ತಮ್ಮ ಶರೀರದ ಒಂದೊಂದು ಅಂಗವನ್ನೂ ವಾದ್ಯದ ಒಂದೊಂದು ಭಾಗವಾಗಿಸಿ ನುಡಿಸಬೇಕೆಂದು ಬೇಡುತ್ತಾರೆ. ಮೊದಲನೆಯ ವಚನವನ್ನು ಸಂಗೀತದ ತಿರಸ್ಕಾರವೆಂದು ಓದುವವರಿದ್ದಾರೆ. ಎರಡನ್ನೂ ಕೂಡಿಸಿ ಓದಿದಾಗ ಆ ಓದು ನಿಲ್ಲದು. ಬಸವಣ್ಣನವರು ದೂರವಿಡುವುದು ಎಣಿಕೆಯ ಅಧಿಕಾರವನ್ನು. ನುಡಿಸಿಕೊಳ್ಳುವ ವಾದ್ಯವಾಗಲು ಅವರು ಸಿದ್ಧರೇ. ಮುಟ್ಟಿದೊಡನೆ ಓಗೊಡುವುದು ವಾದ್ಯದ ಧರ್ಮವೆಂಬ ಗ್ರಹಿಕೆ ಆ ಪ್ರಾರ್ಥನೆಯ ಒಳಗಿದೆ. ಹಾಡುವ ಹೊತ್ತಿನಲ್ಲಿ ಯಾರೂ ಮುಟ್ಟದಿರುವ ವಾದ್ಯವನ್ನು ಆ ವಚನದ ಮುಂದಿಟ್ಟು ನೋಡಿದರೆ ಪ್ರಸ್ತುತ ಸಮಸ್ಯೆಯ ಸ್ವರೂಪ ತಿಳಿಯುತ್ತದೆ.

ಈಗ ಸಮಸ್ಯೆಯನ್ನು ಲೆಕ್ಕದಲ್ಲಿಯೇ ಇಟ್ಟು ನೋಡಬಹುದು. ವಚನಮುದ್ರಿಕೆಗಳಲ್ಲಿ ಬಹುಮಟ್ಟಿಗೆ ಬಳಕೆಯಾಗುವುದು 8 ಮಾತ್ರೆಗಳ ಕೆಹರವಾ, ಇಲ್ಲವೆ 6 ಮಾತ್ರೆಗಳ ದಾದರಾ. ನಿಮಿಷಕ್ಕೆ 80 ಮಾತ್ರೆಗಳ ವೇಗದಲ್ಲಿ ಕೆಹರವಾದ ಒಂದು ಆವರ್ತನೆಗೆ ಸರಿಯಾಗಿ 6 ಸೆಕೆಂಡು ಬೇಕು. ವಚನದ ಒಂದು ಸಾಲು ಸಹಜವಾಗಿ 11 ಮಾತ್ರೆಗಳಲ್ಲಿ ಮುಗಿಯಿತೆನ್ನೋಣ. ಎರಡನೆಯ ಆವರ್ತನೆಯಲ್ಲಿ 5 ಮಾತ್ರೆಗಳು, ಅಂದರೆ ಸುಮಾರು ನಾಲ್ಕು ಸೆಕೆಂಡುಗಳು, ಬರಿದಾಗಿ ಉಳಿಯುತ್ತವೆ. ಯಂತ್ರವಂತೂ ತನ್ನ ಸುತ್ತನ್ನು ಮುಗಿಸಿಯೇ ತೀರುತ್ತದೆ. ಆ ಬರಿದನ್ನು ತುಂಬಲು ಗಾಯಕನು ಕೊನೆಯ ಪದವನ್ನು ಎರಡು ಸಲ ಹೇಳುತ್ತಾನೆ, ಇಲ್ಲವೆ ಸ್ವರಾಕ್ಷರವನ್ನು ಎಳೆಯುತ್ತಾನೆ, ಇಲ್ಲವೆ ಒಂದು ಕೊಳಲಿನ ತುಣುಕನ್ನು ತಂದು ಕೂರಿಸಲಾಗುತ್ತದೆ. ಶರತ್ತಿಗೂ ಅದರ ಫಲಕ್ಕೂ ನಡುವೆ ಕೊಳಲು ಬಂದು ಕುಳಿತಾಗ ವಾಕ್ಯ ಎರಡು ತುಂಡಾಗುತ್ತದೆ. ಕೇಳುವವನಿಗೆ ರಾಗ ತಲುಪುತ್ತದೆ. ಶರಣನು ಯಾವುದನ್ನು ಯಾವುದಕ್ಕೆ ಕಟ್ಟಿದ್ದನೆಂಬುದು ತಲುಪುವುದಿಲ್ಲ. ಪರೀಕ್ಷಿಸಬಯಸುವ ವಿದ್ಯಾರ್ಥಿಯು ಇಂಥ ಯಾವುದಾದರೊಂದು ಮುದ್ರಿಕೆಯನ್ನು ಎದುರಿಗಿಟ್ಟುಕೊಂಡು, ಮುದ್ರಿತ ವಚನದ ಮೇಲೆ ಗಾಯಕನು ಉಸಿರು ತೆಗೆದುಕೊಳ್ಳುವ ಸ್ಥಳಗಳನ್ನು ಪೆನ್ಸಿಲಿನಿಂದ ಗುರುತಿಸಿ ನೋಡಲಿ. ಆ ಗುರುತುಗಳು ಅರ್ಥದ ವಿರಾಮಗಳ ಮೇಲೆ ಬೀಳುತ್ತವೆಯೋ, ಆವರ್ತನೆಯ ಗಡಿಗಳ ಮೇಲೆ ಬೀಳುತ್ತವೆಯೋ ಎಂಬುದು ಹತ್ತು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ.

ಜೀವಂತ ತಬಲಾದಲ್ಲಿ ಈ ತೊಡಕು ಇಲ್ಲವೆ? ಇದೆ. ತಾಳವೆಂದ ಮೇಲೆ ಆವರ್ತನೆ ಇದ್ದೇ ಇರುತ್ತದೆ. ಆದರೆ ತಬಲಾಸಾಥಿಯು ಗಾಯಕನ ಮುಖವನ್ನು ನೋಡುತ್ತಿರುತ್ತಾನೆ. ಸಾಲು ಉದ್ದವಾಗುವ ಸೂಚನೆ ಸಿಕ್ಕೊಡನೆ ಠೇಕಾವನ್ನು ತಗ್ಗಿಸಿ ದಾರಿ ಬಿಡುತ್ತಾನೆ. ಗಾಯಕನು ಸಮ್ಮಿಗೆ ಬರದೆ ಮುಂದೆ ಹೋದರೆ ತಾನೂ ಸಮ್ಮನ್ನು ಒತ್ತದೆ ಹಾಯಿಸುತ್ತಾನೆ. ಅಂಕಿತ ಬಂದಾಗ ಎಡಗೈಯ ಡಗ್ಗಾದ ಮೇಲಿನ ಒತ್ತಡವನ್ನೇ ಬದಲಿಸಿ ನಾದವನ್ನು ಮೆದುಗೊಳಿಸುತ್ತಾನೆ. ಕೆಲವೊಮ್ಮೆ ಕೈಯನ್ನೇ ಎತ್ತಿಬಿಡುತ್ತಾನೆ. ವೇಗವೂ ಅಷ್ಟೇ: ನಿಮಿಷಕ್ಕೆ 80 ಎಂದು ಆರಂಭವಾದ ನಡೆ ಪ್ರಶ್ನೆಯ ಸಾಲಿನಲ್ಲಿ ತುಸು ಹಿಂಜರಿದು, ಉತ್ತರದ ಸಾಲಿನಲ್ಲಿ ತುಸು ಮುಂದುವರಿಯುತ್ತದೆ. ಗಡಿಯಾರ ಹಿಡಿದು ನೋಡಿದರೆ ಇದು ದೋಷ. ಇದೇ ದೋಷದಿಂದ ಸಾಲು ಮಾತಾಗುತ್ತದೆ.

ವಚನಗಾಯನವನ್ನು ಸಂಗೀತಗೋಷ್ಠಿಯ ಗೌರವಕ್ಕೆ ಏರಿಸಿದ ಮಲ್ಲಿಕಾರ್ಜುನ ಮನಸೂರರು (1910–1992) ಖಯಾಲಿನ ಲಯವಿದ್ಯೆಯಲ್ಲಿ ಪಳಗಿದವರು. ಸಾಲನ್ನು ತಾಳಕ್ಕೆ ಕೂರಿಸುವ ಸಾಮರ್ಥ್ಯ ಅವರಲ್ಲಿ ಎಷ್ಟಿತ್ತೆಂಬುದನ್ನು ಅವರ ಖಯಾಲುಗಳೇ ಹೇಳುತ್ತವೆ. ಅಷ್ಟಿದ್ದೂ ವಚನವನ್ನು ಎತ್ತಿಕೊಂಡಾಗ ಅವರು ಆ ಸಾಮರ್ಥ್ಯವನ್ನು ಮೆರೆಸಲಿಲ್ಲ. ಮಾತಿನ ಹಿಂದೆ ರಾಗವನ್ನು ನಡೆಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ತಂತಮ್ಮ ದಾರಿಯಲ್ಲಿ ಇದನ್ನೇ ಮಾಡಿದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮೂಲಕ ಈ ಬಗೆಯ ಹಾಡಿಕೆ ಹಳ್ಳಿಹಳ್ಳಿಗೆ ಕೇಳಿಸಿತು. ಇಂದು ವಚನವೆಂದೊಡನೆ ಕಿವಿಯಲ್ಲಿ ಮೊಳಗುವ ನಡೆ ಬಹುಮಟ್ಟಿಗೆ ಆ ತಲೆಮಾರಿನ ಕೊಡುಗೆ.

ಇಷ್ಟನ್ನು ಹೇಳಿದ ಮಾತ್ರಕ್ಕೆ ಯಂತ್ರವೇ ಶತ್ರುವೆಂಬ ನಿರ್ಣಯಕ್ಕೆ ಬರುವುದು ಅವಸರವಾದೀತು. ಬೆಳಗಾವಿಯವರಿಗೆ ಇದರ ಪಾಠ ಮನೆಯಂಗಳದಲ್ಲಿಯೇ ಇದೆ. ಇಂದು ಭಜನೆಗೂ ವಚನಕ್ಕೂ ಅನಿವಾರ್ಯವೆನಿಸಿರುವ ಬಾಜಾಪೇಟಿ ಈ ನೆಲದ ವಾದ್ಯವಲ್ಲ. 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡು, ಕಲಕತ್ತೆಯಲ್ಲಿ ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಗಿ ಬದಲಾಗಿ, ನಾಟಕ ಕಂಪನಿಗಳ ಜೊತೆಗೆ ಊರೂರು ತಿರುಗಿದ್ದು ಅದು. ಅದರ ಸ್ವರಗಳು ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದಕ್ಕೆ ಅಸಾಧ್ಯ. ಈ ಕಾರಣವನ್ನೇ ಮುಂದುಮಾಡಿ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ರವೀಂದ್ರನಾಥ ಠಾಕೂರರಂಥವರೂ ಈ ಪೆಟ್ಟಿಗೆಯನ್ನು ಮೆಚ್ಚಿದವರಲ್ಲ. ಆ ಮೂರು ದಶಕಗಳಲ್ಲಿ ಬೆಳಗಾವಿಯಲ್ಲಿ ನಡೆದದ್ದೇನು? ಕಾಗವಾಡದಲ್ಲಿ ಹುಟ್ಟಿ ಬೆಳಗಾವಿಯನ್ನು ಕರ್ಮಭೂಮಿಯಾಗಿಸಿಕೊಂಡ ಪಂಡಿತ ರಾಮಭಾವು ಬಿಜಾಪುರೆಯವರು (1917–2010) ಅದೇ ಪೆಟ್ಟಿಗೆಯನ್ನು ಗಾಯಕನ ಉಸಿರಿನ ನೆರಳಾಗುವಂತೆ ನುಡಿಸುತ್ತಿದ್ದರು; ಶಿಷ್ಯರ ಒಂದು ದೊಡ್ಡ ಪರಂಪರೆಯನ್ನೇ ಬೆಳೆಸಿದರು. ಸ್ವರ ಸ್ಥಿರವಾಗಿದ್ದರೂ ಅದನ್ನು ಒತ್ತುವ ಬೆರಳು, ಗಾಳಿ ಹಾಕುವ ಎಡಗೈ ಸ್ಥಿರವಾಗಿರಲಿಲ್ಲ. ಯಂತ್ರದ ಕೊರತೆಯನ್ನು ಕಿವಿ ತುಂಬಿಕೊಟ್ಟಿತು. ನಿಷೇಧವನ್ನು ಬೆಂಬಲಿಸಿದ ಪಂಡಿತರ ಶಾಸ್ತ್ರ ಸರಿಯಾಗಿಯೇ ಇತ್ತು. ಅವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಸಾಥಿದಾರನ ಕಿವಿಯನ್ನು.

ತಂಬೂರಿಯ ವಿಷಯದಲ್ಲಿಯೂ ಇಂಥದೇ ಒಂದು ಬದಲಾವಣೆ ನಡೆದಿದೆ. 1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ, ಕೊಳಲುವಾದಕರೂ ಆದ ಇಂಜಿನಿಯರ್ ಜಿ. ರಾಜ್‌ನಾರಾಯಣ್ ವಿದ್ಯುತ್ ತಂಬೂರಿಯನ್ನು ತಯಾರಿಸತೊಡಗಿದರು. ಇಂದು ಅದು, ಅಥವಾ ಅದರ ಮೊಬೈಲ್ ರೂಪ, ಇಲ್ಲದ ಸಂಗೀತದ ಮನೆಯೇ ಅಪರೂಪ. ತಂಬೂರಿಯೆಂದರೆ ಮೂಲತಃ ಒಂದು ಆವರ್ತನೆಯೇ ಅಲ್ಲವೆ? ನಾಲ್ಕು ತಂತಿಗಳು, ಒಂದಾದ ಮೇಲೊಂದು, ಹಾಡು ಮುಗಿಯುವ ತನಕ. ಆದುದರಿಂದಲೇ ಯಂತ್ರದ ತಂಬೂರಿ ಗಾಯಕನಿಗೆ ಅಷ್ಟಾಗಿ ಅಡ್ಡಿ ಮಾಡಲಿಲ್ಲ. ಅದು ತಾಳಕ್ಕೆ ಕಟ್ಟುಬಿದ್ದುದಲ್ಲ. ಸಾಲು ಎಲ್ಲಿ ಮುಗಿಯಬೇಕೆಂದು ಅದು ಹೇಳುವುದಿಲ್ಲ. ಹಾನಿಯಾದದ್ದು ಬೇರೆಡೆ. ಗುರುವಿನ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುವ ಶಿಷ್ಯನು ಗಂಟೆಗಟ್ಟಲೆ ಕೇಳುತ್ತ ಕೇಳುತ್ತ ಕಲಿಯುತ್ತಿದ್ದ ಒಂದು ಸ್ಥಾನ ಇಲ್ಲವಾಗುತ್ತ ಬಂದಿದೆ. ಮಠಗಳ ಸಂಗೀತ ಪಾಠಶಾಲೆಗಳು ಈ ಹಾನಿಯನ್ನು ಗಮನಿಸಿದಂತಿಲ್ಲ.

ಪುನರಾವರ್ತನೆಯೇ ದೋಷವಲ್ಲವೆಂಬುದಕ್ಕೆ ಇನ್ನೂ ದೊಡ್ಡ ನಿದರ್ಶನ ಬೆಳಗಾವಿಯ ಮಗ್ಗುಲಲ್ಲಿಯೇ ಹುಟ್ಟಿತು. ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು (1924–1992), ಕಬೀರನ ನಿರ್ಗುಣ ಪದಗಳನ್ನು ಹಾಡಿದಾಗ ತಬಲಾವನ್ನು ತೀರ ಸರಳವಾದ ಠೇಕಾಕ್ಕೆ ಇಳಿಸಿದರು. ಬಹುಕಾಲ ಅವರಿಗೆ ಸಾಥ ನೀಡಿದ ವಸಂತರಾವ್ ಆಚರೇಕರರಂಥ ಸಮರ್ಥರು ತಮ್ಮ ವಿದ್ಯೆಯ ಬಹುಭಾಗವನ್ನು ಬದಿಗಿಟ್ಟು ಆ ಒಂದೇ ಠೇಕಾವನ್ನು ಹಿಡಿದು ಕೂರುತ್ತಿದ್ದರು. ಅಜಾಗರೂಕನಾದ ಕೇಳುಗನಿಗೆ ಅದು ಲೂಪಿನಂತೆಯೇ ಕೇಳಿಸೀತು. ಮಾಳವದ ನಾಥಪಂಥಿ ಜೋಗಿಗಳಿಂದ ಕುಮಾರರು ಕೇಳಿ ಕಲಿತ ಆ ಬರಿದುತನ, ದೊಡ್ಡ ಬಯಲಿನಲ್ಲಿ ಒಂದು ಕೂಗು ಎದ್ದಂತೆ ದನಿಯನ್ನು ಎತ್ತಿ ತೋರಿಸುತ್ತದೆ. ಅಲ್ಲಿ ತಬಲಾವಾದಕನು ಬದಲಿಸದೆ ನುಡಿಸುತ್ತಾನೆ. ಬದಲಿಸಬಲ್ಲವನು ಬದಲಿಸದೆ ಇರುವುದು ಸಂಯಮ. ಬದಲಿಸಲಾರದ್ದು ಬದಲಾಗದೆ ಇರುವುದಕ್ಕೆ ಸಂಯಮವೆಂಬ ಹೆಸರಿಲ್ಲ. ಎರಡರ ನಾದವೂ ಮುದ್ರಿಕೆಯಲ್ಲಿ ಒಂದೇ ತೆರನಾಗಿ ಕೇಳಿಸಬಹುದೆಂದು ವಾದಿಸುವವರಿಗೆ, ಕುಮಾರರ ಒಂದು ನಿರ್ಗುಣ ಪದವನ್ನು ಪೂರ್ತಿಯಾಗಿ ಕೇಳಿರೆಂಬುದೇ ಉತ್ತರ. ನಾಲ್ಕನೆಯ ನುಡಿಯ ಠೇಕಾ ಮೊದಲ ನುಡಿಯದರಷ್ಟು ಭಾರವಾಗಿರುವುದಿಲ್ಲ.

ಲೂಪಿನ ಚರಿತ್ರೆಯನ್ನು ತುಸು ತಿಳಿದಿರುವುದು ಒಳ್ಳೆಯದು. 1948ರಲ್ಲಿ ಪ್ಯಾರಿಸ್ಸಿನ ಬಾನುಲಿಯಲ್ಲಿ ಪಿಯರ್ ಶೆಫರ್ ಎಂಬಾತನು ಗ್ರಾಮಫೋನ್ ತಟ್ಟೆಯ ಗೆರೆಯನ್ನು ಸುರುಳಿಯಾಗಲು ಬಿಡದೆ ವೃತ್ತವಾಗಿ ಮುಚ್ಚಿಬಿಟ್ಟನು. ಮುಳ್ಳು ಅದೇ ಗೆರೆಯಲ್ಲಿ ತಿರುಗಿ ತಿರುಗಿ ಒಂದೇ ಸದ್ದನ್ನು ಹೊರಡಿಸಿತು. 1965ರಲ್ಲಿ ಅಮೆರಿಕದ ಸ್ಟೀವ್ ರೈಶ್ ಎಂಬ ಸಂಗೀತಗಾರನು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಪ್ರಳಯದ ಕಥೆಯನ್ನು ಸಾರುತ್ತಿದ್ದ ಕ್ರೈಸ್ತ ಬೋಧಕನೊಬ್ಬನ ದನಿಯನ್ನು ಟೇಪಿನಲ್ಲಿ ಹಿಡಿದು, ಕೆಲವೇ ಮಾತುಗಳ ಕುಣಿಕೆಯನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿದನು. ಯಂತ್ರಗಳ ವೇಗ ಕೂದಲೆಳೆಯಷ್ಟು ಬೇರೆಯಾದುದರಿಂದ ಎರಡೂ ದನಿಗಳು ಮೆಲ್ಲಮೆಲ್ಲನೆ ಬೇರ್ಪಟ್ಟು, ಮಾತು ಕರಗಿ ಶುದ್ಧ ಸದ್ದಾಯಿತು. ಆ ಕೃತಿಯ ಪ್ರಯೋಜನವೇ ಅದು. ಒಬ್ಬ ಪ್ರವಚನಕಾರನ ಮಾತನ್ನು ಅರ್ಥದಿಂದ ಬಿಡಿಸುವುದು ಅಲ್ಲಿ ಉದ್ದೇಶವಾಗಿತ್ತು, ಕೃತಿ ಅದನ್ನು ಸಾಧಿಸಿತು. ವಚನಮುದ್ರಿಕೆಯ ತಯಾರಕನಿಗೆ ಅಂಥ ಉದ್ದೇಶವೇನೂ ಇಲ್ಲ. ಆದರೂ ಉಪಕರಣ ತನ್ನ ಸ್ವಭಾವಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ: ಹತ್ತನೆಯ ಸಲ ಅದೇ ಆವರ್ತನೆ ಬರುವಷ್ಟರಲ್ಲಿ ಮಾತು ಸದ್ದಿನತ್ತ ವಾಲತೊಡಗುತ್ತದೆ.

ಇಲ್ಲಿ ಭಕ್ತರಿಗೆ ಒಂದು ಸಂದೇಹ ಬರುವುದು ಸಹಜ. ಷಡಕ್ಷರಿಯ ಜಪವೂ ಪುನರಾವರ್ತನೆಯೇ ಅಲ್ಲವೆ? ಅಷ್ಟಾವರಣಗಳಲ್ಲಿ ಮಂತ್ರಕ್ಕೆ ಸ್ಥಾನವಿದೆ. ಅದೇ ಅಕ್ಷರಗಳು ಸಾವಿರ ಸಲ ನಾಲಿಗೆಯ ಮೇಲೆ ಬರುತ್ತವೆ. ಹೌದು. ಆದರೆ ಜಪದಲ್ಲಿ ತಿರುಗುವುದು ಅಕ್ಷರ, ಮುಂದುವರಿಯುವುದು ಜಪಿಸುವವನ ಮನಸ್ಸು. ಮನಸ್ಸು ಮುಂದುವರಿಯದ ಜಪವನ್ನು ಶರಣರು ಕಟುವಾಗಿಯೇ ಟೀಕಿಸಿದ್ದಾರೆ. ಗೋಡೆಯ ಮೊಳೆಗೆ ತೂಗುಹಾಕಿದ ಪುಟ್ಟ ಪೆಟ್ಟಿಗೆಯೊಂದು ಹಗಲಿರುಳೂ ‘ಓಂ ನಮಃ ಶಿವಾಯ’ ಎನ್ನುತ್ತಿರುವ ಮನೆಗಳು, ಅಂಗಡಿಗಳು ಈಗ ಎಷ್ಟೋ ಇವೆ. ಅಲ್ಲಿ ಜಪಿಸುತ್ತಿರುವವರು ಯಾರು ಎಂದು ಕೇಳಿದರೆ ಮನೆಯವರಿಗೆ ನಗು ಬರಬಹುದು. ಪ್ರಶ್ನೆ ನಗೆಯದಲ್ಲ.

ಮತ್ತೆ ವಡಗಾವಿಗೆ ಬರೋಣ. ಕೈಮಗ್ಗ ಮತ್ತು ಯಂತ್ರಮಗ್ಗಗಳ ಹೋಲಿಕೆ ಇಲ್ಲಿ ತಾನಾಗಿ ನೆನಪಾಗುತ್ತದೆ. ಎಚ್ಚರದಿಂದ ಬಳಸಬೇಕಾದ ಹೋಲಿಕೆಯೂ ಹೌದು. ಯಂತ್ರಮಗ್ಗವನ್ನು ಹಳಿದು ಕೈಮಗ್ಗವನ್ನು ಹೊಗಳುವುದು ವೇದಿಕೆಯ ಮೇಲೆ ಸುಲಭ. ವಡಗಾವಿಯ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಯಂತ್ರಮಗ್ಗದಿಂದಲೇ. ಲೂಪಿನ ಪಕ್ಷದಲ್ಲಿಯೂ ಇಂಥ ಒಂದು ನಿಜವಿದೆ. ತಬಲಾ, ಪೇಟಿ, ಕೊಳಲುಗಳವರನ್ನು ಕರೆಯಿಸಿ, ಧ್ವನಿಮುದ್ರಣಾಲಯದ ಬಾಡಿಗೆ ತೆತ್ತು ಒಂದು ಮುದ್ರಿಕೆ ಮಾಡುವ ಶಕ್ತಿ ಓಣಿಯ ಭಜನಾಮಂಡಳಿಗಿಲ್ಲ. ನೇಕಾರನ ಮಗಳೊಬ್ಬಳು ಅಕ್ಕನ ವಚನವನ್ನು ಮನೆಯಲ್ಲಿಯೇ ಹಾಡಿ ನಾಲ್ಕು ಜನರಿಗೆ ಕೇಳಿಸಬೇಕೆಂದರೆ ಅವಳಿಗಿರುವ ಸಂಗಾತಿ ಮೊಬೈಲಿನ ತಾಳವೊಂದೇ. ಅದನ್ನು ಕಿತ್ತುಕೊಂಡರೆ ಅವಳು ಹಾಡುವುದನ್ನೇ ಬಿಡಬೇಕಾದೀತು. ವಚನಸಾಹಿತ್ಯವು ಯಾರ ಬಾಯಿಗೆ ಸೇರಬೇಕೆಂದು ಶರಣರು ಬಯಸಿದರೋ ಆ ಬಾಯಿಯನ್ನು ಶಾಸ್ತ್ರದ ಹೆಸರಿನಲ್ಲಿ ಮುಚ್ಚಿಸುವುದು ಸರಿಯಲ್ಲ.

ಆದರೂ ಹೋಲಿಕೆ ಒಂದು ಕಡೆ ತುಂಬ ಉಪಯುಕ್ತ. ದೇವರ ದಾಸಿಮಯ್ಯನವರ ಕಾಯಕವನ್ನು ಮುಂದುವರಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೈಮಗ್ಗದವನು ಲಾಳಿಯನ್ನು ಎಸೆದು ಹಣಿಗೆಯಿಂದ ಹೊಡೆಯುವಾಗ ಪ್ರತಿ ಹೊಡೆತದಲ್ಲಿಯೂ ನೂಲಿನ ಬಿಗಿಯನ್ನು ಕೈಯಿಂದಲೇ ತಿಳಿಯುತ್ತಾನೆ. ಯಂತ್ರಮಗ್ಗಕ್ಕೆ ಆ ಸ್ಪರ್ಶವಿಲ್ಲ. ಆದರೆ ಹೊಕ್ಕಿನ ಎಳೆ ಕಡಿದರೆ ಮಗ್ಗ ತಾನೇ ನಿಲ್ಲುವಂಥ ಏರ್ಪಾಡು ಅದರಲ್ಲಿಯೂ ಇದೆ. ಎಳೆಯಿಲ್ಲದೆ ನೇಯ್ದದ್ದು ಬಟ್ಟೆಯಲ್ಲವೆಂಬ ತಿಳಿವಳಿಕೆಯನ್ನು ಕಬ್ಬಿಣದಲ್ಲಿಯೇ ಅಳವಡಿಸಿದ್ದಾರೆ. ವಚನದ ಅರ್ಥದ ಎಳೆ ಕಡಿದಾಗ ಲೂಪು ನಿಲ್ಲುವುದಿಲ್ಲ. ನಿಲ್ಲಿಸುವ ಹೊಣೆ ಅದನ್ನು ಹಚ್ಚಿದವನದು.

‘ಜೀವಂತ ವಾದ್ಯ’ವೆಂಬ ಹೆಸರೂ ಎಲ್ಲ ಸಂದರ್ಭಗಳಲ್ಲಿ ನಂಬಿಕೆಗೆ ಅರ್ಹವಲ್ಲವೆಂಬುದನ್ನು ಸೇರಿಸಿ ಹೇಳಬೇಕು. ಇಂದಿನ ಧ್ವನಿಮುದ್ರಣಾಲಯಗಳಲ್ಲಿ ತಬಲಾದವನು ಒಂದು ದಿನ ಬಂದು ನುಡಿಸಿ ಹೋಗುತ್ತಾನೆ, ಕೊಳಲಿನವನು ಮತ್ತೊಂದು ದಿನ, ಗಾಯಕನು ವಾರದ ಮೇಲೆ. ಒಬ್ಬರ ಮುಖವನ್ನು ಒಬ್ಬರು ನೋಡಿರುವುದಿಲ್ಲ. ಎಲ್ಲರ ಕಿವಿಯಲ್ಲಿಯೂ ಒಂದೇ ಟಕ್‌ಟಕ್ ಸದ್ದು. ಎಲ್ಲರೂ ಅದಕ್ಕೆ ವಿಧೇಯರು. ಹೀಗೆ ತಯಾರಾದ ಮುದ್ರಿಕೆಯ ಮೇಲೆ ವಾದಕರ ಹೆಸರುಗಳನ್ನು ಮುದ್ರಿಸಿದರೂ ಅದರ ಗುಣ ಲೂಪಿನದೇ. ಇದಕ್ಕೆ ವ್ಯತಿರಿಕ್ತವಾಗಿ, ಗಾಯಕನು ಮೊದಲು ತಂಬೂರಿಯೊಂದರ ಮೇಲೆ ವಚನವನ್ನು ಅದರ ಸಹಜ ನಡೆಯಲ್ಲಿ ಹಾಡಿ, ಜಾಣನಾದ ಸಂಯೋಜಕನು ಆ ಹಾಡಿಕೆಯ ಅಳತೆಗೆ ಲೂಪನ್ನು ಕತ್ತರಿಸಿ, ಹಿಗ್ಗಿಸಿ, ಅಂಕಿತದ ಬಳಿ ಪೂರ್ತಿಯಾಗಿ ಅಳಿಸಿ ಕೂರಿಸಿದನೆಂದರೆ, ಆ ಯಂತ್ರವಾದ್ಯವು ಮುಖ ನೋಡದ ಮನುಷ್ಯರಿಗಿಂತ ಹೆಚ್ಚು ಶ್ರದ್ಧೆಯ ಸಾಥಿದಾರನಾಗುತ್ತದೆ. ವ್ಯತ್ಯಾಸವಿರುವುದು ಯಾವುದು ಮೊದಲು ಬಂತೆಂಬುದರಲ್ಲಿ: ಮಾತು ಮೊದಲೋ, ಎಣಿಕೆ ಮೊದಲೋ. ದುರ್ದೈವದಿಂದ ಇಂದಿನ ಬಹುಪಾಲು ಮುದ್ರಿಕೆಗಳಲ್ಲಿ ಎಣಿಕೆಯೇ ಮೊದಲು. ತಾಳದ ತುಣುಕು ಆಯ್ಕೆಯಾದ ಮೇಲೆ ವಚನವನ್ನು ಕರೆಯಲಾಗುತ್ತದೆ.

ಎಲ್ಲ ವಚನಗಳೂ ಇದರಿಂದ ಸಮಾನವಾಗಿ ನೋಯುವುದಿಲ್ಲ. ಉಪಮಾನಗಳನ್ನು ಒಂದರ ಮೇಲೊಂದು ಪೇರಿಸುತ್ತ, ಒಂದೇ ಬಗೆಯ ಕ್ರಿಯಾಪದದಿಂದ ಸಾಲುಗಳನ್ನು ಮುಗಿಸುವ ವಚನಗಳಲ್ಲಿ ಸಮವಾಕ್ಯಗಳ ಒಂದು ನಡೆ ಇದ್ದೇ ಇದೆ. ಅವು ಕೆಹರವಾದ ಸುತ್ತಿನಲ್ಲಿ ತಕ್ಕಮಟ್ಟಿಗೆ ಬದುಕಿಕೊಳ್ಳುತ್ತವೆ. ಬಸವಣ್ಣನವರ, ದಾಸಿಮಯ್ಯನವರ ಹಲವು ವಚನಗಳು ಈ ಜಾತಿಯವು. ಅಕ್ಕಮಹಾದೇವಿಯ ಆರ್ತವಚನಗಳ ಕಷ್ಟ ಬೇರೆ. ಅಲ್ಲಿ ಸಂಬೋಧನೆ ಇದ್ದಕ್ಕಿದ್ದಂತೆ ನುಗ್ಗುತ್ತದೆ, ಅದು ತಾಳದ ಅಪ್ಪಣೆಗೆ ಕಾಯಲಾರದು. ಅಲ್ಲಮಪ್ರಭುವಿನ ಬೆಡಗಿನ ವಚನಗಳಲ್ಲಿಯಂತೂ ಹಾನಿ ಪೂರ್ಣ. ಅಲ್ಲಿ ಪ್ರತಿ ಪ್ರತಿಮೆಯಾದ ಮೇಲೂ ಕೇಳುಗನಿಗೆ ಒಂದು ಮೌನ ಬೇಕು; ಹಿಂದಿನ ಮಾತು ಮುಂದಿನ ಮಾತಿಗೆ ಹೇಗೆ ಡಿಕ್ಕಿ ಹೊಡೆಯಿತೆಂದು ಅವನು ಬೆರಗಾಗಲು ಬಿಡಬೇಕು. ಬಯಲನ್ನು ಕುರಿತ ವಚನದ ಕೆಳಗೆ ಒಂದು ಕ್ಷಣವೂ ಬಯಲಿಲ್ಲದಂತೆ ಢೋಲಕಿನ ಸದ್ದು ತುಂಬಿರುವುದನ್ನು ಕೇಳಿದಾಗ, ಸಂಯೋಜಕನು ವಚನವನ್ನು ಓದಿದ್ದನೆ ಎಂಬ ಸಂಶಯ ಬಾರದಿರದು.

ಇನ್ನು ಕಾಯಕದ ಪ್ರಶ್ನೆ. ಕಲ್ಯಾಣದ ಶರಣರಲ್ಲಿ ವಾದ್ಯವನ್ನೇ ಕಾಯಕವಾಗಿಸಿಕೊಂಡವರು ಇದ್ದರು. ಕಿನ್ನರಿ ನುಡಿಸಿ ಬಂದುದರಿಂದ ದಾಸೋಹ ನಡೆಸಿದ ಕಿನ್ನರಿ ಬೊಮ್ಮಯ್ಯ, ಢಕ್ಕೆಯನ್ನು ಬಾರಿಸಿದ ಢಕ್ಕೆಯ ಬೊಮ್ಮಣ್ಣ, ಹಾಡಿಕೆಯಿಂದಲೇ ಹೆಸರಾದ ರಾಗದ ಸಂಕಣ್ಣ, ರಾಜ್ಯವನ್ನು ತೊರೆದು ಬಂದ ಸಂಗೀತವಿದ್ವಾಂಸ ಸಕಳೇಶ ಮಾದರಸ — ಇವರೆಲ್ಲ ಶರಣಗಣದಲ್ಲಿ ಎಣಿಕೆಯಾದವರು. ವಾದ್ಯ ನುಡಿಸುವುದು ಹಾಡಿಗೆ ಅಲಂಕಾರವೆಂಬ ಭಾವನೆ ಅಲ್ಲಿಲ್ಲ. ಅದೂ ಲಿಂಗಕ್ಕೆ ಸಲ್ಲುವ ದುಡಿಮೆ. ಈ ಭಾವನೆ ಆಧುನಿಕ ಕಾಲದಲ್ಲಿಯೂ ಫಲ ಕೊಟ್ಟಿದೆ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅಂಧ ಬಾಲಕನೊಬ್ಬನನ್ನು ಕೈಹಿಡಿದು ಸಂಗೀತ ಕಲಿಸಿದುದರಿಂದ ನಾಡಿಗೆ ಪಂಚಾಕ್ಷರ ಗವಾಯಿಗಳು (1892–1944) ದೊರೆತರು. ಅವರಿಂದ ಪುಟ್ಟರಾಜ ಗವಾಯಿಗಳು (1914–2010). ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಹೊರಬಂದ ಅಂಧ ಕಲಾವಿದರು ತಬಲಾ, ಹಾರ್ಮೋನಿಯಂ, ಗಾಯನಗಳಿಂದ ಸ್ವಾವಲಂಬಿಗಳಾಗಿ ಬದುಕಿದ್ದಾರೆ, ಬದುಕುತ್ತಿದ್ದಾರೆ. ಪುರಾಣ-ಪ್ರವಚನಗಳ ವೇದಿಕೆ ಇಂಥವರ ಮುಖ್ಯ ಆಸರೆ. ವೇದಿಕೆಯ ಮೇಲೆ ತಬಲಾದ ಜಾಗದಲ್ಲಿ ಫೋನು ಕುಳಿತಾಗ ಎದ್ದುಹೋದವನು ಯಾರೆಂಬುದನ್ನು ಕಾರ್ಯಕ್ರಮದ ವ್ಯವಸ್ಥಾಪಕರು ಯೋಚಿಸಬೇಕು. ಲೂಪಿನೊಳಗೂ ಯಾರೋ ಒಬ್ಬ ವಾದಕನ ಕೈ ಇದೆ. ಅವನು ಒಂದು ದಿನ ನುಡಿಸಿದ ನಾಲ್ಕು ಆವರ್ತನೆಗಳು ಸಾವಿರ ಹಾಡುಗಳಲ್ಲಿ ದುಡಿಯುತ್ತವೆ. ಅವನ ಹೆಸರನ್ನು ಕೇಳುಗರಲ್ಲಿ ಒಬ್ಬನೂ ಅರಿಯನು.

ಪಲ್ಲಕ್ಕಿಯ ಮುಂದಿನ ಕರಡಿಮಜಲು, ಸಮಾಳ, ನಂದಿಕೋಲುಗಳ ಪಾಡನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಮೆರವಣಿಗೆಗಳಲ್ಲಿ ವಾಹನದ ಮೇಲೆ ಏರಿಸಿದ ಧ್ವನಿವರ್ಧಕಗಳ ಹಾವಳಿ ಸಂಗೀತವಿಮರ್ಶೆಯ ವ್ಯಾಪ್ತಿಗೆ ಬರುವಂಥದಲ್ಲ. ಕರಡಿಯ ಬಡಿತ ನಂದಿಕೋಲು ಹೊತ್ತವನ ಹೆಜ್ಜೆಯನ್ನು ನೋಡಿ ಏರುತ್ತದೆ, ಇಳಿಯುತ್ತದೆ ಎಂಬುದನ್ನು ಮಾತ್ರ ವಚನಗಾಯನದ ವಿದ್ಯಾರ್ಥಿಗಳು ಗಮನಿಸಲಿ.

ಹಾಗಾದರೆ ಮಾಡಬಹುದಾದುದೇನು? ಮಠಗಳಲ್ಲಿ ನಡೆಯುವ ಕಾರ್ಯಕ್ರಮಗಳ ಮಟ್ಟಿಗಾದರೂ ಸಾಥಿದಾರರನ್ನು ಬಿಡಬಾರದು. ಹೂವಿನ ಅಲಂಕಾರಕ್ಕೆ ವೆಚ್ಚವಾಗುವುದರಲ್ಲಿ ಒಂದು ಪಾಲು ಇದಕ್ಕೆ ಸಾಕು. ಮನೆಯಲ್ಲಿ ಹಾಡುವವರು ಮೊಬೈಲಿನಿಂದ ತಂಬೂರಿಯನ್ನು ಮಾತ್ರ ಪಡೆದು, ತಾಳ ಬೇಕೆಂದರೆ ಕೈಯಲ್ಲಿ ಚಿಟಿಕೆಯನ್ನು ಹಿಡಿಯಲಿ. ಕೈಯ ಚಿಟಿಕೆಯು ಬಾಯಿಯನ್ನು ಕಾಯಬಲ್ಲದು. ಮುದ್ರಿಕೆ ತಯಾರಿಸುವವರು ವಚನವನ್ನು ಮೊದಲು ಓದಿಸಿ, ಓದಿನ ವಿರಾಮಗಳನ್ನು ಗುರುತುಮಾಡಿಕೊಂಡು, ಆಮೇಲೆ ತಾಳದ ಯೋಚನೆಗೆ ಇಳಿಯಲಿ. ಕೆಲವು ವಚನಗಳಿಗೆ ತಾಳವೇ ಬೇಡವೆಂಬ ನಿರ್ಣಯಕ್ಕೆ ಅವರೇ ಬಂದಾರು.

ಲೂಪಿನ ಬಳಕೆಗೆ ನಿಜವಾಗಿಯೂ ಒಗ್ಗುವ ಒಂದು ಕ್ಷೇತ್ರ ಶರಣಸಾಹಿತ್ಯದಲ್ಲಿದೆ, ಅದು ಸ್ವರವಚನಗಳದು. ವಚನಗಳಂತಲ್ಲದೆ ಇವು ಹಾಡಲೆಂದೇ ರಚಿತವಾದವು. ಇವಕ್ಕೆ ಪಲ್ಲವಿಯಿದೆ, ನುಡಿಗಳಿವೆ, ಪ್ರಾಸವಿದೆ; ಹಸ್ತಪ್ರತಿಗಳಲ್ಲಿ ರಾಗದ ಹೆಸರುಗಳೂ ದೊರೆಯುತ್ತವೆ. ನುಡಿಯಿಂದ ನುಡಿಗೆ ಸಮನಾದ ಅಳತೆಯಿರುವುದರಿಂದ ತಿರುಗುವ ತಾಳವು ಇವುಗಳಲ್ಲಿ ಅರ್ಥವನ್ನು ಕತ್ತರಿಸುವ ಭಯ ಕಡಿಮೆ; ಪಲ್ಲವಿ ಮರಳಿ ಬರುವುದೇ ಇವುಗಳ ರಚನಾಧರ್ಮ. ಆದರೆ ಮುದ್ರಿಕೆಗಳ ಪಟ್ಟಿಗಳಲ್ಲಿ ಕಾಣುವುದು ಮತ್ತೆ ಮತ್ತೆ ಅವೇ ಇಪ್ಪತ್ತು-ಮೂವತ್ತು ಪರಿಚಿತ ವಚನಗಳು. ಸ್ವರವಚನಗಳ ಸಂಪುಟಗಳು ಗ್ರಂಥಾಲಯಗಳ ಕಪಾಟಿನಲ್ಲಿ ಹಾಗೆಯೇ ಇವೆ.